ಡ್ರೈವ್ ಕಾಣದ ಲ್ಯಾಪ್‌ಟಾಪ್: ದೋಷ ಹುಡುಕುವ ಕ್ರಮ

ಲ್ಯಾಪ್‌ಟಾಪ್ ಆನ್ ಆಗುತ್ತದೆ, ಫ್ಯಾನ್ ತಿರುಗುತ್ತದೆ, ತಯಾರಕರ ಲೋಗೊ ಮೂಡುತ್ತದೆ, ವಿಂಡೋಸ್ ಮಾತ್ರ ಬರುವುದಿಲ್ಲ. ಕಪ್ಪು ತೆರೆಯ ಮೇಲೆ ‘ನೋ ಬೂಟಬಲ್ ಡಿವೈಸ್ ಫೌಂಡ್’ ಎಂಬ ಸಾಲು ಬಂದು ನಿಲ್ಲುತ್ತದೆ. ಎಚ್‌ಪಿ ಲ್ಯಾಪ್‌ಟಾಪ್ ಆದರೆ ‘ಬೂಟ್ ಡಿವೈಸ್ ನಾಟ್ ಫೌಂಡ್’ ಎಂಬ ಸೂಚನೆಯ ಜೊತೆ 3ಎಫ್0 ಎಂಬ ಸಂಕೇತವೂ ಇರುತ್ತದೆ. ಕೆಲವು ಯಂತ್ರಗಳು ಯಾವ ಸೂಚನೆಯನ್ನೂ ಕೊಡದೆ ನೇರವಾಗಿ ಬಯೋಸ್ ಎಂಬ ಮೂಲ ಸೆಟ್ಟಿಂಗ್‌ಗಳ ಪುಟಕ್ಕೆ ಹೋಗಿ ಕುಳಿತುಬಿಡುತ್ತವೆ. ರಿಪೇರಿ ಅಂಗಡಿಯಲ್ಲಿ ಇದೆಲ್ಲಕ್ಕೂ ಒಂದೇ ಮಾತು: ‘ಹಾರ್ಡ್ ಡಿಸ್ಕ್ ಡಿಟೆಕ್ಟ್ ಆಗ್ತಿಲ್ಲ.’

ಮಾತು ಒಂದಾದರೂ ಕಾಯಿಲೆ ಒಂದಲ್ಲ. ಲ್ಯಾಪ್‌ಟಾಪ್ ಚಾಲೂ ಆಗುವಾಗ ಮೊದಲು ಡ್ರೈವ್‌ಗೆ ವಿದ್ಯುತ್ ತಲುಪಬೇಕು. ಡ್ರೈವ್‌ನೊಳಗಿನ ಕಂಟ್ರೋಲರ್ ಚಿಪ್ ಎಚ್ಚರಗೊಂಡು ತನ್ನ ಫರ್ಮ್‌ವೇರ್ ಓದಿಕೊಳ್ಳಬೇಕು. ಕನೆಕ್ಟರ್ ಮೂಲಕ ಮದರ್‌ಬೋರ್ಡ್‌ಗೆ ತನ್ನ ಹೆಸರು, ಗಾತ್ರ ತಿಳಿಸಬೇಕು. ಬಯೋಸ್ ಅದನ್ನು ಪಟ್ಟಿಗೆ ಸೇರಿಸಿಕೊಂಡು ಅದರಲ್ಲಿ ಬೂಟ್ ಫೈಲ್ ಹುಡುಕಬೇಕು. ಆಮೇಲೆ ವಿಂಡೋಸ್ ಅಥವಾ ಲಿನಕ್ಸ್ ತನ್ನ ಡ್ರೈವರ್ ಮೂಲಕ ಡ್ರೈವನ್ನು ಮಾತಾಡಿಸಿ, ಪಾರ್ಟಿಷನ್ ಓದಿ, ಫೈಲುಗಳನ್ನು ತೆರೆಯಬೇಕು. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಬಳಸುವವರಿಗೆ ಕಾಣುವುದು ಅದೇ ಕಪ್ಪು ತೆರೆ. ಕೊಂಡಿ ಎಲ್ಲಿ ಕಳಚಿದೆ ಎಂದು ಗೊತ್ತುಮಾಡಿಕೊಳ್ಳದೆ ಕೈಹಾಕಿದರೆ, ಸಡಿಲವಾದ ಒಂದು ಸ್ಕ್ರೂ ಬಿಗಿದು ಮುಗಿಸಬಹುದಾಗಿದ್ದ ಕೆಲಸ ಹಲವು ವರ್ಷಗಳ ಫೋಟೊ, ಪ್ರಾಜೆಕ್ಟ್, ಲೆಕ್ಕಪತ್ರಗಳನ್ನು ಕಳೆದುಕೊಳ್ಳುವವರೆಗೆ ಹೋಗಬಹುದು. ಡ್ರೈವ್ ಸತ್ತು ಡೇಟಾ ಹೋಗುವುದುಂಟು. ಚೆನ್ನಾಗಿಯೇ ಇದ್ದ ಡೇಟಾ ಅವಸರದ ರಿಪೇರಿಯಲ್ಲಿ ಹೋಗುವುದೂ ಉಂಟು. ಎರಡನೆಯದನ್ನು ಪೂರ್ತಿಯಾಗಿ ತಪ್ಪಿಸಬಹುದು.

ಬೆಂಗಳೂರಿನಲ್ಲಿ ಈ ದೂರು ದಿನನಿತ್ಯ ಕೇಳಿಬರುವ ಪ್ರದೇಶಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಒಂದು. 1976ರಲ್ಲಿ ಹುಟ್ಟಿದ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ, ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ 1978ರಲ್ಲಿ ಈ ಕೈಗಾರಿಕಾ ಪ್ರದೇಶಕ್ಕೆ ಅಡಿಪಾಯ ಹಾಕಿತು. ಎಲೆಕ್ಟ್ರಾನಿಕ್ ಉದ್ಯಮಕ್ಕೆಂದು ಗುರುತಿಸಿದ ಆ ನೆಲ ಮುಂದೆ ಸಾಫ್ಟ್‌ವೇರ್ ನಗರವಾಯಿತು. ಇಲ್ಲಿ ಈಗ ದೊಡ್ಡ ಕ್ಯಾಂಪಸ್‌ನಿಂದ ಹಿಡಿದು ಪಿ.ಜಿ. ಕೋಣೆಯವರೆಗೆ ಕೆಲಸವೆಲ್ಲ ನಡೆಯುವುದು ಲ್ಯಾಪ್‌ಟಾಪ್ ಮೇಲೆಯೇ. ಹೊಸೂರು ರಸ್ತೆಯ ಗುಂಡಿಗಳಲ್ಲಿ ಬೈಕಿನ ಹಿಂದೆ, ಕಂಪನಿ ಕ್ಯಾಬಿನಲ್ಲಿ, 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊದಲ್ಲಿ ಅದು ಬ್ಯಾಗಿನೊಳಗೆ ಓಡಾಡುತ್ತಲೇ ಇರುತ್ತದೆ. ಮುಚ್ಚಿಟ್ಟ ಮೇಲೂ ಸರಿಯಾಗಿ ನಿದ್ರೆಗೆ ಜಾರದ ಲ್ಯಾಪ್‌ಟಾಪ್ ಬ್ಯಾಗಿನ ಒಳಗೇ ಬಿಸಿಯಾಗುತ್ತದೆ. ಅಲುಗಾಟ, ಬಿಸಿ, ಧೂಳು ಮೂರೂ ಡ್ರೈವ್‌ಗೆ ಒಳ್ಳೆಯವಲ್ಲ.

ಈ ಪ್ರದೇಶದ ಮಟ್ಟಿಗೆ ಮೊದಲು ವಿಂಗಡಿಸಬೇಕಾದದ್ದು ಲ್ಯಾಪ್‌ಟಾಪ್ ಯಾರದು ಎಂಬುದನ್ನು. ತಳದಲ್ಲಿ ಅಸೆಟ್ ಟ್ಯಾಗ್ ಅಂಟಿಸಿರುವ ಕಂಪನಿ ಲ್ಯಾಪ್‌ಟಾಪ್ ಆದರೆ ಬಳಸುವವರು ಸ್ಕ್ರೂಡ್ರೈವರ್ ಮುಟ್ಟಲೇಬಾರದು. ಅದರ ಡ್ರೈವ್ ಸಾಮಾನ್ಯವಾಗಿ ಬಿಟ್‌ಲಾಕರ್ ಮುಂತಾದ ಗೂಢಲಿಪಿಯಲ್ಲಿ ಬಂದ್ ಆಗಿರುತ್ತದೆ, ಬೀಗದ ಕೀ ಐಟಿ ವಿಭಾಗದ ಬಳಿ ಇರುತ್ತದೆ, ಒಳಗಿನ ಮಾಹಿತಿ ಗ್ರಾಹಕರದ್ದೂ ಆಗಿರಬಹುದು. ಟಿಕೆಟ್ ರೈಸ್ ಮಾಡಿ, ತೆರೆಯ ಮೇಲಿನ ಸೂಚನೆಯ ಫೋಟೊ ತೆಗೆದು ಅದರ ಜೊತೆ ಸೇರಿಸುವುದಷ್ಟೇ ಅಲ್ಲಿನ ಕೆಲಸ. ಒಂದು ಸಂಗತಿಯನ್ನು ಮಾತ್ರ ಆಗಲೇ ಬರೆದು ತಿಳಿಸಬೇಕು: ಸರ್ವರ್‌ನಲ್ಲಾಗಲಿ ಒನ್‌ಡ್ರೈವ್‌ನಲ್ಲಾಗಲಿ ಇಲ್ಲದ, ಡೆಸ್ಕ್‌ಟಾಪ್ ಮೇಲಷ್ಟೇ ಇದ್ದ ಫೈಲುಗಳೇನಾದರೂ ಇವೆಯೇ ಎಂಬುದನ್ನು. ಹೇಳದಿದ್ದರೆ ಐಟಿ ಟೀಮ್ ಡ್ರೈವ್ ಅಳಿಸಿ ಹೊಸ ಇಮೇಜ್ ಹಾಕಿ ಕೊಟ್ಟುಬಿಡುತ್ತದೆ. ಅವರ ಲೆಕ್ಕದಲ್ಲಿ ಕೆಲಸ ಅಲ್ಲಿಗೆ ಮುಗಿಯಿತು.

ಸ್ವಂತ ಲ್ಯಾಪ್‌ಟಾಪ್‌ನ ದಾರಿ ಬೇರೆ. ನೀಲಾದ್ರಿ ರಸ್ತೆ, ದೊಡ್ಡತೋಗೂರು, ಹೆಬ್ಬಗೋಡಿ, ಬೊಮ್ಮಸಂದ್ರದ ಸುತ್ತ ಇರುವ ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದವರು, ಮನೆಯಿಂದಲೇ ಲೆಕ್ಕಪತ್ರ ಬರೆಯುವವರು ಹತ್ತಿರದ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ಬಿಡಿಭಾಗಕ್ಕಾಗಿ ಎಸ್.ಪಿ. ರೋಡ್‌ವರೆಗೂ ಹೋಗುತ್ತಾರೆ. ಅಂಗಡಿಯಲ್ಲಿ ಬಾಯಿಗೆ ಬರುವ ಮೊದಲ ಮಾತು ‘ಅಣ್ಣ, ಒಂದ್ಸಲ ಫಾರ್ಮ್ಯಾಟ್ ಹೊಡೆದುಕೊಡಿ’ ಎಂಬುದು. ಆ ಮಾತು ಹೇಳುವ ಮೊದಲು ತಮಗೆ ಬೇಕಾದದ್ದು ಲ್ಯಾಪ್‌ಟಾಪೋ ಡೇಟಾವೋ ಎಂದು ತೀರ್ಮಾನಿಸಿಕೊಳ್ಳಬೇಕು. ಬ್ಯಾಕಪ್ ಇದ್ದರೆ ಡ್ರೈವ್ ಬದಲಿಸಿ ಸಂಜೆಯೊಳಗೆ ಕೆಲಸಕ್ಕೆ ಕೂರಬಹುದು. ಬ್ಯಾಕಪ್ ಇಲ್ಲದಿದ್ದರೆ ಆ ಡ್ರೈವ್ ಮೇಲೆ ಒಂದಕ್ಷರವನ್ನೂ ಹೊಸದಾಗಿ ಬರೆಯಬಾರದು. ಫಾರ್ಮ್ಯಾಟ್, ‘ಇನಿಷಿಯಲೈಸ್’, ‘ಚೆಕ್‌ಡಿಸ್ಕ್’, ವಿಂಡೋಸ್ ಮರುಸ್ಥಾಪನೆ ನಾಲ್ಕೂ ಬರೆಯುವ ಕೆಲಸಗಳೇ. ಈ ಸೂಚನೆಯನ್ನು ಟೆಕ್ನಿಷಿಯನ್‌ಗೆ ಬಾಯಲ್ಲಿ ಹೇಳಿದರೆ ಸಾಲದು, ಅಂಗಡಿಯ ಚೀಟಿಯಲ್ಲಿ ಬರೆಸಬೇಕು.

ಪರೀಕ್ಷೆ ಹೊರಗಿನಿಂದ ಶುರುವಾಗಬೇಕು. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಹೊರಗಿನ ಹಾರ್ಡ್ ಡಿಸ್ಕ್, ಡಾಕ್ ಎಲ್ಲವನ್ನೂ ಕಳಚಬೇಕು. ಬೂಟ್ ಕ್ರಮದಲ್ಲಿ ಯುಎಸ್‌ಬಿ ಮೊದಲಿದ್ದು ಖಾಲಿ ಪೆನ್‌ಡ್ರೈವ್ ಸಿಕ್ಕಿಕೊಂಡಿದ್ದರೂ ಇದೇ ಸೂಚನೆ ಬರಬಹುದು. ಮುಂದಿನದು ಲ್ಯಾಪ್‌ಟಾಪ್‌ನಲ್ಲಿ ಉಳಿದ ವಿದ್ಯುತ್ತನ್ನು ಪೂರ್ತಿ ಇಳಿಸುವುದು. ಯಂತ್ರ ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಕಳಚುವಂತಿದ್ದರೆ ಅದನ್ನೂ ಕಳಚಿ, ಪವರ್ ಬಟನ್ನನ್ನು ಸುಮಾರು 30 ಸೆಕೆಂಡ್ ಒತ್ತಿ ಹಿಡಿಯಬೇಕು. ಬರೀ ರೀಸ್ಟಾರ್ಟ್ ಮಾಡಿದಾಗ ಡ್ರೈವ್‌ಗೆ ಹೋಗುವ ವಿದ್ಯುತ್ ಪೂರ್ತಿ ಕಡಿಯದೆ ಇರಬಹುದು, ಆಗ ಸಿಕ್ಕಿಹಾಕಿಕೊಂಡ ಕಂಟ್ರೋಲರ್ ಸಿಕ್ಕಿಹಾಕಿಕೊಂಡೇ ಇರುತ್ತದೆ. ಪೂರ್ತಿ ಕಡಿದು ಕೊಟ್ಟರೆ ಅದು ಮೊದಲಿನಿಂದ ಶುರುಮಾಡುತ್ತದೆ. ಡ್ರೈವ್ ಮರಳಿ ಬಂದರೆ ಸಂತೋಷಪಟ್ಟು ಕೆಲಸಕ್ಕೆ ಕೂರುವುದಲ್ಲ, ಅದೇ ಹೊತ್ತಿನಲ್ಲಿ ಮುಖ್ಯ ಫೈಲುಗಳನ್ನು ಬೇರೆಡೆ ಪ್ರತಿ ಮಾಡಿಕೊಳ್ಳಬೇಕು. ಒಮ್ಮೆ ಮಾಯವಾದ ಡ್ರೈವ್ ಮತ್ತೆ ಮಾಯವಾಗುವ ಸಂಭವ ಹೆಚ್ಚು.

ಮರಳದಿದ್ದರೆ ಬಯೋಸ್ ನೋಡಬೇಕು. ಇಡೀ ಪರೀಕ್ಷೆಯಲ್ಲಿ ದಾರಿ ಎರಡಾಗುವ ಜಾಗ ಇದು. ಡೆಲ್, ಏಸರ್, ಆಸುಸ್ ಯಂತ್ರಗಳಲ್ಲಿ ಆನ್ ಮಾಡಿದ ಕೂಡಲೇ ಎಫ್2 ಒತ್ತುತ್ತಿರಬೇಕು. ಎಚ್‌ಪಿಯಲ್ಲಿ ಎಫ್10, ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಐಡಿಯಾಪ್ಯಾಡ್‌ನಲ್ಲಿ ಎಫ್2. ಒಳಗೆ ಸ್ಟೋರೇಜ್ ಅಥವಾ ಸಿಸ್ಟಮ್ ಇನ್ಫರ್ಮೇಷನ್ ಎಂಬ ಪುಟದಲ್ಲಿ ಡ್ರೈವ್‌ನ ಮಾಡೆಲ್ ಹೆಸರು ಮತ್ತು ಗಾತ್ರ ಇರಬೇಕು. ಬೂಟ್ ಪಟ್ಟಿಯಲ್ಲಿ ಕಾಣುವ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಹೆಸರನ್ನು ಡ್ರೈವ್ ಎಂದು ತಿಳಿಯಬಾರದು, ಅದು ಹಳೆಯ ದಾಖಲೆಯಾಗಿ ಉಳಿದಿರಬಹುದು. ಮಾಡೆಲ್ ಹೆಸರೇ ಬೇಕು. ಹೆಸರು ಇದ್ದು ಗಾತ್ರ ಸೊನ್ನೆ ಎಂದೋ ಅಸಂಬದ್ಧವಾಗಿಯೋ ತೋರಿಸಿದರೆ ಡ್ರೈವ್‌ನ ಕಂಟ್ರೋಲರ್ ಬದುಕಿದೆ, ಆದರೆ ತನ್ನ ಒಳಗಿನ ನಕ್ಷೆಯನ್ನು ಓದಲಾಗುತ್ತಿಲ್ಲ ಎಂದು ಅರ್ಥ.

ಬಯೋಸ್‌ನಲ್ಲಿ ಡ್ರೈವ್ ಹೆಸರು, ಗಾತ್ರ ಸರಿಯಾಗಿ ಕಂಡರೆ ಹೊಸ ಡ್ರೈವ್ ಕೊಳ್ಳುವ ಮಾತು ಸದ್ಯಕ್ಕೆ ಬೇಡ. ದೋಷ ಸೆಟ್ಟಿಂಗ್‌ನಲ್ಲೋ ವಿಂಡೋಸ್‌ನಲ್ಲೋ ಇರುವ ಸಂಭವ ಹೆಚ್ಚು. ಬೂಟ್ ಕ್ರಮ ಬದಲಾಗಿರಬಹುದು. ಯುಇಎಫ್‌ಐ ವಿಧಾನದಲ್ಲಿ ಹಾಕಿದ ವಿಂಡೋಸ್ ಇದ್ದು ಬಯೋಸ್ ಲೆಗಸಿ ಎಂಬ ಹಳೆಯ ವಿಧಾನಕ್ಕೆ ಹೊರಳಿದ್ದರೆ ಬೂಟ್ ಫೈಲ್ ಸಿಗುವುದಿಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಒಂದು ಸಣ್ಣ ಕಾರಣವಿರುತ್ತದೆ: ಮದರ್‌ಬೋರ್ಡ್ ಮೇಲಿನ 3 ವೋಲ್ಟ್‌ನ ನಾಣ್ಯದಾಕಾರದ ಬ್ಯಾಟರಿ ಸತ್ತಾಗ ಬಯೋಸ್ ತನ್ನ ಸೆಟ್ಟಿಂಗ್ ಮರೆತು ಕಾರ್ಖಾನೆಯ ಸ್ಥಿತಿಗೆ ಹೋಗುತ್ತದೆ. ದಿನಾಂಕ, ಗಂಟೆ ತಪ್ಪಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನು.

ಇನ್ನೊಂದು ಗೊಂದಲ 2020ರ ಕೊನೆಯ ಹೊತ್ತಿಗೆ ಬಂದ ಇಂಟೆಲ್ 11ನೇ ಪೀಳಿಗೆಯ ಪ್ರೊಸೆಸರ್‌ಗಳಿಂದ ಶುರುವಾದದ್ದು. ಅವುಗಳಿರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ಏರ್ಪಾಡು ಚಾಲೂ ಇರುತ್ತದೆ. ಅದು ಡ್ರೈವನ್ನು ಇಂಟೆಲ್‌ನದೇ ಡ್ರೈವರ್‌ನ ಹಿಂದೆ ಇಡುತ್ತದೆ. ಹೀಗಾಗಿ ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಲು ಹೊರಟಾಗ, ಬಯೋಸ್‌ನಲ್ಲಿ ಇರುವ ಡ್ರೈವ್ ವಿಂಡೋಸ್‌ನ ಪಟ್ಟಿಯಲ್ಲಿ ಇರುವುದಿಲ್ಲ. ಹೊಸ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಯೇ ಹೋಯಿತೆಂದು ಗಾಬರಿಯಾಗುವವರಿದ್ದಾರೆ. ತಯಾರಕರ ಜಾಲತಾಣದಿಂದ ಆ ಮಾಡೆಲ್‌ಗೆ ಹೊಂದುವ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಅದೇ ಪೆನ್‌ಡ್ರೈವ್‌ನಲ್ಲಿ ಬಿಡಿಸಿ ಇಟ್ಟು, ಅನುಸ್ಥಾಪನೆಯ ವೇಳೆ ‘ಲೋಡ್ ಡ್ರೈವರ್’ ಒತ್ತಿ ತೋರಿಸಿದರೆ ಡ್ರೈವ್ ಪಟ್ಟಿಯಲ್ಲಿ ಮೂಡುತ್ತದೆ. ವಿಎಂಡಿಯನ್ನೇ ಆಫ್ ಮಾಡುವುದು ಎರಡನೆಯ ದಾರಿ, ಆದರೆ ಒಳಗೆ ಆಗಲೇ ಕೆಲಸ ಮಾಡುತ್ತಿದ್ದ ವಿಂಡೋಸ್ ಇದ್ದರೆ ಅದು ನೀಲಿ ತೆರೆಯಲ್ಲಿ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನಿಲ್ಲಬಹುದು. ಸೆಟ್ಟಿಂಗ್ ಮೊದಲಿನಂತೆ ಮಾಡಿದರೆ ಅದು ಸರಿಹೋಗುತ್ತದೆ. ಆದ್ದರಿಂದ ಬಯೋಸ್‌ನಲ್ಲಿ ಏನನ್ನು ಮುಟ್ಟುವ ಮೊದಲೂ ಪ್ರತಿ ಪುಟದ ಫೋಟೊ ಫೋನಿನಲ್ಲಿ ಇರಲಿ.

ಬಯೋಸ್ ಮುಟ್ಟುವವರಿಗೆ ಮತ್ತೊಂದು ಎಚ್ಚರ ಬಿಟ್‌ಲಾಕರ್. ಇತ್ತೀಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊತ್ತಿಗೇ ಡ್ರೈವ್ ಗೂಢಲಿಪಿಗೆ ಒಳಪಟ್ಟಿರುವುದುಂಟು, ಬಳಸುವವರಿಗೆ ಅದು ಗೊತ್ತೇ ಇರುವುದಿಲ್ಲ. ಬಯೋಸ್ ಸೆಟ್ಟಿಂಗ್ ಬದಲಾದಾಗ ಅಥವಾ ಮದರ್‌ಬೋರ್ಡ್ ಬದಲಿಸಿದಾಗ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಸ್ವಂತ ಲ್ಯಾಪ್‌ಟಾಪ್ ಆದರೆ ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಸಿಗುತ್ತದೆ. ಆ ಕೀ ಇಲ್ಲದೆ ಡ್ರೈವ್ ಎಷ್ಟೇ ಆರೋಗ್ಯವಾಗಿದ್ದರೂ, ಯಾವ ಡೇಟಾ ರಿಕವರಿ ಕೇಂದ್ರಕ್ಕೆ ಕೊಟ್ಟರೂ, ಒಳಗಿನದು ಓದಲು ಬರುವುದಿಲ್ಲ. ರಿಪೇರಿಗೆ ಕೊಡುವ ಮೊದಲು ಫೋನಿನಿಂದಲೇ ಖಾತೆಗೆ ಲಾಗಿನ್ ಆಗಿ ಆ ಅಂಕಿಗಳನ್ನು ಬರೆದಿಟ್ಟುಕೊಳ್ಳುವುದು ಬುದ್ಧಿವಂತಿಕೆ.

ಲ್ಯಾಪ್‌ಟಾಪ್‌ನಲ್ಲಿ ಎರಡನೆಯ ಡ್ರೈವ್ ಇದ್ದು ಅದೊಂದೇ ಮಾಯವಾಗಿದ್ದರೆ ವಿಂಡೋಸ್ ಚಾಲೂ ಇರುವಾಗಲೇ ನೋಡಬಹುದು. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದಾಗ ಡ್ರೈವ್ ಇದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಡಿ ಅಥವಾ ಇ ಎಂಬ ಅಕ್ಷರ ಕೊಟ್ಟರೆ ಸಾಕು. ‘ನಾಟ್ ಇನಿಷಿಯಲೈಸ್ಡ್’ ಎಂದು ತೋರಿಸಿ, ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ಕೇಳುವ ಪೆಟ್ಟಿಗೆ ತೆರೆದರೆ, ಡೇಟಾ ಇದ್ದ ಡ್ರೈವ್‌ನ ಮಟ್ಟಿಗೆ ಅದಕ್ಕೆ ಉತ್ತರ ‘ಕ್ಯಾನ್ಸಲ್’ ಒಂದೇ.

ಬಯೋಸ್‌ನಲ್ಲೇ ಡ್ರೈವ್ ಇಲ್ಲದಿದ್ದರೆ ಹಿಂಬದಿಯ ಮುಚ್ಚಳ ತೆರೆಯಬೇಕು. ವಾರಂಟಿ ಇನ್ನೂ ಇದ್ದರೆ ತೆರೆಯುವ ಕೆಲಸ ಸರ್ವೀಸ್ ಸೆಂಟರ್‌ನವರಿಗೆ ಬಿಟ್ಟದ್ದು. ಚಾರ್ಜರ್ ತೆಗೆದು, ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚುವುದು ಮೊದಲ ಕೆಲಸ. ಡ್ರೈವ್‌ಗೆ ಹೋಗುವ ತಂತಿಯಲ್ಲಿ ವಿದ್ಯುತ್ ಇರುವಾಗ ಅದನ್ನು ಎಳೆದು ಕೂರಿಸಿದರೆ ಚೆನ್ನಾಗಿದ್ದ ಡ್ರೈವ್ ಕೂಡ ಸುಡಬಹುದು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ಎಂ.2 ಎಸ್‌ಎಸ್‌ಡಿ. 22 ಮಿಲಿಮೀಟರ್ ಅಗಲ, ಸಾಮಾನ್ಯವಾಗಿ 80 ಮಿಲಿಮೀಟರ್ ಉದ್ದದ ಹಸಿರು ಅಥವಾ ಕಪ್ಪು ಪಟ್ಟಿ. ಒಂದು ತುದಿಯಲ್ಲಿ ಬಂಗಾರದ ಬಣ್ಣದ ಹಲ್ಲುಗಳು, ಇನ್ನೊಂದು ತುದಿಯಲ್ಲಿ ಅರ್ಧಚಂದ್ರಾಕಾರದ ಕಚ್ಚು. ಆ ಕಚ್ಚಿನಲ್ಲಿ ಒಂದೇ ಒಂದು ಸಣ್ಣ ಸ್ಕ್ರೂ ಡ್ರೈವನ್ನು ಹಿಡಿದಿಟ್ಟಿರುತ್ತದೆ. ಅದು ಸಡಿಲವಾದರೆ ಡ್ರೈವ್‌ನ ಬಾಲ ಮೇಲೇಳುತ್ತದೆ, ಸಾಕೆಟ್‌ನೊಳಗಿನ ಹಲ್ಲುಗಳಲ್ಲಿ ಕೆಲವು ಕೂದಲೆಳೆಯಷ್ಟು ಸರಿದು ಸಂಪರ್ಕ ತಪ್ಪುತ್ತದೆ. ಸ್ಕ್ರೂ ಬಿಚ್ಚಿದರೆ ಡ್ರೈವ್ ತಾನಾಗಿಯೇ ಓರೆಯಾಗಿ ಎದ್ದು ನಿಲ್ಲುತ್ತದೆ. ಆ ಓರೆಯಲ್ಲೇ ಹೊರಗೆಳೆದು, ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಕಪ್ಪಾಗಿದ್ದರೆ, ಎಣ್ಣೆಯ ಜಿಡ್ಡಿದ್ದರೆ, ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದ ನಾರು ಬಿಡದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಅದೇ ಓರೆಯಲ್ಲಿ ಒಳಕ್ಕೆ ತಳ್ಳಿ, ಕೆಳಕ್ಕೆ ಒತ್ತಿ, ಸ್ಕ್ರೂ ಬಿಗಿಯಬೇಕು. ಹಲ್ಲುಗಳ ಬಹುಪಾಲು ಸಾಕೆಟ್ ಒಳಗೆ ಹೋಗಿ ಅಂಚು ಒಂದೇ ಸಮನೆ ಕಂಡರೆ ಸರಿಯಾಗಿ ಕೂತಿದೆ ಎಂದರ್ಥ. ಹೀಗೆ ತೆಗೆದು ಕೂರಿಸಿದ್ದರಿಂದಲೇ ಜೀವ ಬಂದ ಡ್ರೈವ್‌ಗಳು ಬಹಳ. ಹಾಗಾಗಿ ಬೇರೆ ಖರ್ಚಿಗೆ ಮೊದಲು ಇದನ್ನು ಮಾಡಲೇಬೇಕು.

ಹೊಸದಾಗಿ ಕೊಂಡು ಹಾಕಿದ ಡ್ರೈವ್ ಕಾಣದಿದ್ದರೆ ಅದೇ ಹಲ್ಲುಗಳ ನಡುವಿನ ಖಾಲಿ ಜಾಗ ನೋಡಬೇಕು. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಡ್ರೈವ್‌ಗಳೂ ಇವೆ, ಎನ್‌ವಿಎಂಇ ಡ್ರೈವ್‌ಗಳೂ ಇವೆ. ಸಾಟಾ ಡ್ರೈವ್‌ಗೆ ಸಾಮಾನ್ಯವಾಗಿ ಎರಡು ಖಾಲಿ ಜಾಗ, ಎನ್‌ವಿಎಂಇಗೆ ಹೆಚ್ಚಾಗಿ ಒಂದು. ಎರಡು ಜಾಗದ ಸಾಟಾ ಡ್ರೈವ್ ಎನ್‌ವಿಎಂಇ ಸಾಕೆಟ್‌ನಲ್ಲಿ ಸಲೀಸಾಗಿ ಕೂರುತ್ತದೆ, ಸ್ಕ್ರೂ ಕೂಡ ಬೀಳುತ್ತದೆ, ಆದರೆ ಆ ಸಾಕೆಟ್‌ಗೆ ಸಾಟಾ ತಂತಿಯನ್ನೇ ಮದರ್‌ಬೋರ್ಡ್‌ನಲ್ಲಿ ಎಳೆದಿರದಿದ್ದರೆ ಡ್ರೈವ್ ಎಂದೂ ಕಾಣುವುದಿಲ್ಲ. ಇಲ್ಲಿ ಡ್ರೈವ್‌ನದೂ ತಪ್ಪಿಲ್ಲ, ಲ್ಯಾಪ್‌ಟಾಪ್‌ನದೂ ತಪ್ಪಿಲ್ಲ. ಕೊಳ್ಳುವ ಮೊದಲು ಲ್ಯಾಪ್‌ಟಾಪ್‌ನ ಮಾಡೆಲ್ ನಂಬರ್ ಹಿಡಿದು ಯಾವುದು ಹೊಂದುತ್ತದೆ ಎಂದು ನೋಡಿದ್ದರೆ ಎಸ್.ಪಿ. ರೋಡ್‌ಗೆ ಎರಡನೆಯ ಸಲ ಹೋಗುವುದು ತಪ್ಪುತ್ತಿತ್ತು.

ಹಳೆಯ ಲ್ಯಾಪ್‌ಟಾಪ್‌ಗಳ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಅಥವಾ ಸಾಟಾ ಎಸ್‌ಎಸ್‌ಡಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ರಿಬ್ಬನ್ ಕೇಬಲ್. ಎಷ್ಟೋ ಮಾಡೆಲ್‌ಗಳಲ್ಲಿ ಡ್ರೈವ್‌ಗೂ ಮದರ್‌ಬೋರ್ಡ್‌ಗೂ ನಡುವೆ ಕಾಗದದಷ್ಟು ತೆಳುವಾದ ಪಟ್ಟಿ ಇರುತ್ತದೆ. ಲ್ಯಾಪ್‌ಟಾಪನ್ನು ಒಂದೇ ಮೂಲೆ ಹಿಡಿದು ಎತ್ತುವ ರೂಢಿಯಿಂದ, ಬ್ಯಾಗಿನ ಒತ್ತಡದಿಂದ ಅದರ ಮಡಿಕೆಯ ಜಾಗದಲ್ಲಿ ಬಿರುಕು ಬೀಳುತ್ತದೆ. ಡ್ರೈವ್ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದರೆ, ಲ್ಯಾಪ್‌ಟಾಪ್ ಸ್ವಲ್ಪ ಅಲುಗಿಸಿದಾಗ ತೆರೆ ಹೆಪ್ಪುಗಟ್ಟಿದಂತೆ ನಿಂತರೆ ಕೇಬಲ್ ಬದಲಿಸಿ ನೋಡಬೇಕು. ಅದರ ಬೆಲೆ ಡ್ರೈವ್‌ಗೆ ಹೋಲಿಸಿದರೆ ಏನೂ ಅಲ್ಲ.

ದೋಷ ಡ್ರೈವ್‌ನದೋ ಲ್ಯಾಪ್‌ಟಾಪ್‌ನದೋ ಎಂದು ನಿರ್ಣಯಿಸಲು ಅದಲುಬದಲು ಪರೀಕ್ಷೆಯಷ್ಟು ಒಳ್ಳೆಯದು ಬೇರೆ ಇಲ್ಲ. ಕಳಚಿದ ಡ್ರೈವನ್ನು ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಬೇಕು; ಚೆನ್ನಾಗಿರುವ ಇನ್ನೊಂದು ಡ್ರೈವನ್ನು ಈ ಲ್ಯಾಪ್‌ಟಾಪ್‌ಗೆ ಹಾಕಿ ನೋಡಬೇಕು. ಡ್ರೈವ್ ಅಲ್ಲಿ ಕಂಡರೆ ಲ್ಯಾಪ್‌ಟಾಪ್‌ನ ಸಾಕೆಟ್ ಅಥವಾ ಮದರ್‌ಬೋರ್ಡ್ ಮೇಲೆ ಅನುಮಾನ. ಬೇರೆ ಡ್ರೈವ್ ಇಲ್ಲಿ ಕಂಡರೆ ಹಳೆಯ ಡ್ರೈವ್ ಮೇಲೆ. ಕೇಸಿಂಗ್‌ನಲ್ಲೂ ಸಾಟಾಕ್ಕೆ ಬೇರೆ, ಎನ್‌ವಿಎಂಇಗೆ ಬೇರೆ, ಎರಡಕ್ಕೂ ಒಗ್ಗುವುದು ಬೇರೆ ಎಂಬುದನ್ನು ಮರೆತರೆ ಪರೀಕ್ಷೆಯ ಫಲ ತಪ್ಪಾಗುತ್ತದೆ. ಬಿಡಿ ಡ್ರೈವ್ ಸಿಗದಿದ್ದರೆ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರ ಚಾಲೂ ಮಾಡಿ ನೋಡಬಹುದು. ವಿಂಡೋಸ್ ಸುಮ್ಮನಿರುವ ಕಡೆ ಲಿನಕ್ಸ್ ತನ್ನ ದಾಖಲೆಯಲ್ಲಿ ಡ್ರೈವ್ ಉತ್ತರಿಸಲಿಲ್ಲ, ಓದುವಾಗ ತಪ್ಪಾಯಿತು ಎಂದು ಸ್ಪಷ್ಟವಾಗಿ ಬರೆಯುತ್ತದೆ. ಎಚ್‌ಪಿಯಲ್ಲಿ ಆನ್ ಮಾಡುವಾಗ ಎಫ್2, ಡೆಲ್‌ನಲ್ಲಿ ಎಫ್12 ಒತ್ತಿದರೆ ತಯಾರಕರ ಪರೀಕ್ಷಾ ತಂತ್ರಾಂಶವೂ ಸಿಗುತ್ತದೆ.

ಡ್ರೈವೇ ಕೆಟ್ಟಿದೆ ಎಂದಾದರೆ ಹೇಗೆ ಕೆಟ್ಟಿತು ಎಂಬುದು ಅದರ ಜಾತಿಯ ಮೇಲೆ ಹೋಗುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ, ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಿರುಗುತ್ತಿರುವಾಗ ಬಿದ್ದರೆ ತಲೆ ತಟ್ಟೆಗೆ ತಾಗಿ ಮೇಲ್ಮೈ ಕೆರೆಯುತ್ತದೆ. ‘ಟಿಕ್, ಟಿಕ್’ ಎಂಬ ಒಂದೇ ಲಯದ ಸದ್ದು ಬಂದರೆ ತಲೆ ತನ್ನ ಜಾಗ ಹುಡುಕಿ ಸಿಗದೆ ಹಿಂದಿರುಗುತ್ತಿದೆ ಎಂದರ್ಥ. ಆಗ ಮತ್ತೆ ಮತ್ತೆ ಆನ್ ಮಾಡುವುದೆಂದರೆ ಉಳಿದ ಮೇಲ್ಮೈಯನ್ನೂ ಕೆರೆಯುವುದು. ಒಳಗಿನದು ಬೇಕಿದ್ದರೆ ಆ ಕ್ಷಣವೇ ಆಫ್ ಮಾಡಿ ಇಟ್ಟುಬಿಡಬೇಕು. ಹಾರ್ಡ್ ಡಿಸ್ಕ್‌ನ ಮುಚ್ಚಳವನ್ನು ಅಂಗಡಿಯ ಮೇಜಿನ ಮೇಲೆ ಬಿಚ್ಚಲು ಯಾರಿಗೂ ಬಿಡಬಾರದು, ಅದು ಧೂಳಿಲ್ಲದ ಕ್ಲೀನ್ ರೂಮ್‌ನಲ್ಲಿ ಮಾತ್ರ ತೆರೆಯಬೇಕಾದ ವಸ್ತು.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ, ಸದ್ದೂ ಇಲ್ಲ. ಅನೇಕ ಸಲ ಮುನ್ಸೂಚನೆಯೂ ಇಲ್ಲ. ನಿನ್ನೆ ರಾತ್ರಿ ಕೆಲಸ ಮಾಡಿದ್ದು ಇವತ್ತು ಬೆಳಿಗ್ಗೆ ಇಲ್ಲ. ಮಾಹಿತಿ ಕೂತಿರುವ ಫ್ಲ್ಯಾಶ್ ಚಿಪ್‌ಗಳು ಸವೆಯುವುದು ನಿಜ, ಆದರೆ ಡ್ರೈವ್ ದಿಢೀರನೆ ಮಾಯವಾಗುವುದು ಬಹಳ ಸಲ ಕಂಟ್ರೋಲರ್ ಅಥವಾ ಅದರ ಫರ್ಮ್‌ವೇರ್ ನಿಂತುಹೋದಾಗ. ಇದಕ್ಕೆ ದಾಖಲೆಯಲ್ಲಿರುವ ಉದಾಹರಣೆಗಳಿವೆ. ಕ್ರೂಷಿಯಲ್ ಕಂಪನಿಯ ಎಂ4 ಎಂಬ ಎಸ್‌ಎಸ್‌ಡಿ ಒಟ್ಟು 5,184 ಗಂಟೆ ಚಾಲನೆಯಾದ ಮೇಲೆ ಉತ್ತರಿಸುವುದನ್ನು ನಿಲ್ಲಿಸುತ್ತಿತ್ತು. ಯಂತ್ರ ಆಫ್ ಮಾಡಿ ಆನ್ ಮಾಡಿದರೆ ಒಂದು ಗಂಟೆ ಕೆಲಸ ಮಾಡಿ ಮತ್ತೆ ನಿಲ್ಲುತ್ತಿತ್ತು. 2012ರ ಜನವರಿಯಲ್ಲಿ ಹೊಸ ಫರ್ಮ್‌ವೇರ್ ಕೊಟ್ಟು ಅದನ್ನು ಸರಿಪಡಿಸಿದರು. ಅದಕ್ಕಿಂತ ಗಂಭೀರವಾದದ್ದು 2019ರ ನವೆಂಬರ್‌ನದು. ತನ್ನ ಸರ್ವರ್‌ಗಳಲ್ಲಿದ್ದ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ ತುಂಬಿದ ಕೂಡಲೇ ಸಾಯುತ್ತವೆ, ಡೇಟಾವೂ ಮರಳುವುದಿಲ್ಲ, ಆದ್ದರಿಂದ ಫರ್ಮ್‌ವೇರ್ ಬದಲಿಸಿ ಎಂದು ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಗ್ರಾಹಕರನ್ನು ಎಚ್ಚರಿಸಿತು. 32,768 ಗಂಟೆ ಎಂದರೆ 3 ವರ್ಷ, 270 ದಿನ, 8 ಗಂಟೆ. ಧನ, ಋಣ ಎರಡನ್ನೂ ಹಿಡಿಯುವ 16 ಬಿಟ್ ಎಣಿಕೆಯಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 32,767. ಎಣಿಕೆ ಅದನ್ನು ದಾಟುವ ಗಂಟೆಯಲ್ಲೇ ಡ್ರೈವ್ ನಿಲ್ಲುತ್ತಿತ್ತು. ಒಂದೇ ದಿನ ಚಾಲೂ ಮಾಡಿದ ಡ್ರೈವ್‌ಗಳು ಒಂದೇ ಹೊತ್ತಿಗೆ ಸಾಯುವ ಅಪಾಯ ಅಲ್ಲಿತ್ತು. ಒಂದರ ಡೇಟಾಕ್ಕೆ ಇನ್ನೊಂದು ಆಸರೆ ಎಂದು ನಂಬಿದ್ದ ಏರ್ಪಾಡಿಗೆ ಅದರಿಂದ ರಕ್ಷಣೆಯಿಲ್ಲ. ಡ್ರೈವ್‌ನ ಫರ್ಮ್‌ವೇರ್ ಅಪ್‌ಡೇಟನ್ನು ಆರೋಗ್ಯವಾಗಿರುವಾಗಲೇ, ಬ್ಯಾಕಪ್ ಮಾಡಿಕೊಂಡು ಹಾಕಿಕೊಳ್ಳಬೇಕು ಎನ್ನುವುದಕ್ಕೆ ಇಷ್ಟು ಸಾಕು.

ವಿದ್ಯುತ್ ಹಠಾತ್ತನೆ ಕಡಿದಾಗಲೂ ಎಸ್‌ಎಸ್‌ಡಿ ತಬ್ಬಿಬ್ಬಾಗುತ್ತದೆ. ಯಾವ ಮಾಹಿತಿ ಯಾವ ಚಿಪ್‌ನಲ್ಲಿದೆ ಎಂಬ ನಕ್ಷೆಯನ್ನು ಅದು ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ನಕ್ಷೆ ಅರ್ಧಕ್ಕೆ ನಿಲ್ಲುತ್ತದೆ. ಬ್ಯಾಟರಿ ಪೂರ್ತಿ ಸತ್ತು, ಬರೀ ಚಾರ್ಜರ್ ಮೇಲೆ ಓಡುವ ಲ್ಯಾಪ್‌ಟಾಪ್‌ನಲ್ಲಿ ಕರೆಂಟ್ ಹೋದಾಗಲೆಲ್ಲ ಇದೇ ಆಗುತ್ತದೆ, ಹಾಗಾಗಿ ಸತ್ತ ಬ್ಯಾಟರಿಯನ್ನು ಬದಲಿಸದೆ ಉಳಿಸಿದ ಹಣ ಉಳಿತಾಯವಲ್ಲ. ಇಂಥ ಡ್ರೈವ್‌ಗೆ ತಯಾರಕರೇ ಸೂಚಿಸುವ ಒಂದು ಉಪಾಯವಿದೆ: ಬಯೋಸ್ ಪುಟ ತೆರೆದಿಟ್ಟು, ಏನನ್ನೂ ಓದಿಸದೆ ಬರೆಸದೆ, ಬರೀ ವಿದ್ಯುತ್ ಕೊಟ್ಟು ಸುಮಾರು 20 ನಿಮಿಷ ಬಿಡುವುದು, ಆಫ್ ಮಾಡಿ ಮತ್ತೊಮ್ಮೆ ಹಾಗೆಯೇ ಮಾಡುವುದು. ಆ ಹೊತ್ತಿನಲ್ಲಿ ಕಂಟ್ರೋಲರ್ ತನ್ನ ನಕ್ಷೆಯನ್ನು ಕಟ್ಟಿಕೊಳ್ಳಲು ಯತ್ನಿಸುತ್ತದೆ. ಎಲ್ಲ ಸಲ ಫಲಿಸುವುದಿಲ್ಲ, ಫಲಿಸಿದಾಗ ಖರ್ಚಿಲ್ಲದೆ ಡೇಟಾ ಕೈಗೆ ಬರುತ್ತದೆ.

ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವ ಇಎಂಎಂಸಿ ಸಂಗ್ರಹ ಮತ್ತು ಈಗಿನ ಮ್ಯಾಕ್‌ಬುಕ್‌ಗಳ ಸಂಗ್ರಹ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ್ದು, ಕಳಚಿ ಪರೀಕ್ಷಿಸುವ ಮಾತಿಲ್ಲ. ‘ಚಿಪ್ ಲೆವೆಲ್ ಸರ್ವೀಸ್’ ಎಂಬ ಬೋರ್ಡ್ ಹಾಕಿದ ಅಂಗಡಿಯ ಕೆಲಸ ಅದು.

ಡೇಟಾ ಬೇಕೇಬೇಕು ಎಂದಾದಾಗ, ತಡವರಿಸುತ್ತಲಾದರೂ ಕಾಣುವ ಡ್ರೈವ್‌ನಿಂದ ಒಂದೊಂದೇ ಫೋಲ್ಡರ್ ಎಳೆಯುವುದಕ್ಕಿಂತ ಇಡೀ ಡ್ರೈವ್‌ನ ಪಡಿಯಚ್ಚನ್ನು ಇನ್ನೊಂದು ಡ್ರೈವ್ ಮೇಲೆ ತೆಗೆಯುವುದು ಸರಿಯಾದ ಕ್ರಮ. ಲಿನಕ್ಸ್‌ನಲ್ಲಿ ಉಚಿತವಾಗಿ ಸಿಗುವ ಡಿಡಿರೆಸ್ಕ್ಯೂ ಈ ಕೆಲಸಕ್ಕೆಂದೇ ಇದೆ. ಅದು ಮೊದಲು ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಎತ್ತಿಕೊಂಡು, ಹಟ ಹಿಡಿಯುವ ಭಾಗಕ್ಕೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಓದಿತ್ತು ಎಂದು ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಂತರೂ ಮುಂದುವರಿಸಬಹುದು. ಆಮೇಲೆ ಫೈಲ್ ಹುಡುಕುವ ಕೆಲಸವೆಲ್ಲ ಪಡಿಯಚ್ಚಿನ ಮೇಲೆ. ಅಳಿಸಿಹೋದ ಫೈಲುಗಳ ವಿಷಯದಲ್ಲಿ ಎಸ್‌ಎಸ್‌ಡಿ ಹಾರ್ಡ್ ಡಿಸ್ಕ್‌ನಷ್ಟು ಉದಾರಿಯಲ್ಲ. ಟ್ರಿಮ್ ಎಂಬ ಆದೇಶದಂತೆ ಅಳಿಸಿದ ಜಾಗವನ್ನು ಅದು ತಾನೇ ಬರಿದು ಮಾಡುತ್ತದೆ, ‘ಕ್ವಿಕ್ ಫಾರ್ಮ್ಯಾಟ್’ ಆದ ಎಸ್‌ಎಸ್‌ಡಿಯಿಂದ ಏನೂ ಮರಳದಿರುವುದು ಇದೇ ಕಾರಣಕ್ಕೆ. ಬಯೋಸ್‌ನಲ್ಲೇ ಇಲ್ಲದ ಡ್ರೈವ್‌ಗೆ ಯಾವ ರಿಕವರಿ ಸಾಫ್ಟ್‌ವೇರೂ ಕೆಲಸಕ್ಕೆ ಬಾರದು. ಅದನ್ನು ಮುಟ್ಟದೆ ಡೇಟಾ ರಿಕವರಿ ಕೇಂದ್ರಕ್ಕೆ ಒಯ್ಯಬೇಕು. ಪರೀಕ್ಷೆಗೆ ಎಷ್ಟು, ಸಿಗದಿದ್ದರೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಬೇಕು.

ಹೊಸ ಡ್ರೈವ್ ಹಾಕಿದ ಮೇಲೆ ಅದರ ಆರೋಗ್ಯ ನೋಡುವ ರೂಢಿ ಇಟ್ಟುಕೊಳ್ಳಬಹುದು. ಡ್ರೈವ್ ತನ್ನ ಸ್ಥಿತಿಯನ್ನು ಸ್ಮಾರ್ಟ್ ಎಂಬ ದಾಖಲೆಯಲ್ಲಿ ಬರೆಯುತ್ತಿರುತ್ತದೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಬದಲಿ ಸೆಕ್ಟರ್‌ಗಳ ಎಣಿಕೆ ಏರುತ್ತಿದ್ದರೆ, ಎಸ್‌ಎಸ್‌ಡಿಯಲ್ಲಿ ಮೀಡಿಯಾ ದೋಷ ಸೊನ್ನೆ ಬಿಟ್ಟು ಮೇಲೆದ್ದರೆ ಬದಲಿಸುವ ಕಾಲ ಬಂದಿದೆ. ಎಣಿಕೆ ಚೆನ್ನಾಗಿದೆ ಎಂದಮಾತ್ರಕ್ಕೆ ಕಂಟ್ರೋಲರ್ ನಾಳೆ ನಿಲ್ಲುವುದಿಲ್ಲ ಎಂದಲ್ಲ. ಹಾಗಾಗಿ ಫೈಲಿನ ಒಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿ, ಇನ್ನೊಂದು ಮನೆಯಿಂದಾಚೆ ಅಥವಾ ಕ್ಲೌಡ್‌ನಲ್ಲಿ ಇರಲೇಬೇಕು. ಹೊರಗಿನ ಪ್ರತಿಗೆ ಎಸ್‌ಎಸ್‌ಡಿ ಬಳಸಿ ಬೀರುವಿನಲ್ಲಿ ವರ್ಷಗಟ್ಟಲೆ ಮರೆತುಬಿಡುವುದೂ ಸರಿಯಲ್ಲ. ತನ್ನ ಬರವಣಿಗೆಯ ಆಯುಷ್ಯ ಮುಗಿಸಿದ ಸಾಮಾನ್ಯ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಕಾಪಾಡಬೇಕು ಎಂಬಷ್ಟೇ ಮೆಮೊರಿ ಉದ್ಯಮಕ್ಕೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡದ ಅಪೇಕ್ಷೆ.

ಕಳಚಿದ ಹಳೆಯ ಡ್ರೈವನ್ನು ಅಂಗಡಿಯಲ್ಲಿ ಬಿಟ್ಟು ಬರಬಾರದು. ಕಾಣದ ಡ್ರೈವ್ ಎಂದರೆ ಖಾಲಿ ಡ್ರೈವ್ ಅಲ್ಲ; ಕಂಟ್ರೋಲರ್ ಸತ್ತಿದ್ದರೂ ಬ್ಯಾಂಕ್ ಕಾಗದ, ಆಧಾರ್ ಪ್ರತಿ, ಫೋಟೊ ಎಲ್ಲ ಒಳಗೇ ಇರುತ್ತವೆ, ಗೂಢಲಿಪಿ ಇರದಿದ್ದರೆ ಬಲ್ಲವರು ತೆಗೆಯಬಲ್ಲರು. ವಾರಂಟಿಯಲ್ಲಿ ಬದಲಿ ಡ್ರೈವ್ ಬೇಕಿದ್ದರೆ ಹಳೆಯದನ್ನು ಹಿಂದಿರುಗಿಸಬೇಕಾಗುತ್ತದೆ, ಒಳಗಿನ ಮಾಹಿತಿ ಅಷ್ಟು ಖಾಸಗಿಯಾದರೆ ಬದಲಿಯನ್ನು ಬಿಟ್ಟು ಡ್ರೈವನ್ನು ಇಟ್ಟುಕೊಳ್ಳುವುದೇ ಲೇಸು. ವಾರಂಟಿ ಮುಗಿದ ಹಾರ್ಡ್ ಡಿಸ್ಕ್‌ನ ತಟ್ಟೆಗೆ, ಎಸ್‌ಎಸ್‌ಡಿಯ ಪ್ರತಿಯೊಂದು ಫ್ಲ್ಯಾಶ್ ಚಿಪ್‌ಗೆ ಡ್ರಿಲ್‌ನಿಂದ ತೂತು ಕೊರೆದು, ಗುಜರಿಗೆ ಹಾಕದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಸ್ಥೆಗೆ ಕೊಡಬೇಕು. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ ಅಂಥದೊಂದು ಸಂಸ್ಥೆ.